ದೇವ್ರ ಜಾಗದಾಗ ಹೆಂಡ್ರಿಕ್ಸ್

ಕಳೆದ ದೀಪಾವಳಿಗೆ ತಂಬ್ರಹಳ್ಳಿಗೆ ಹೋದಾಗ ಅವ್ವನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ವಿಶ್ವರೂಪ ಅಂದ್ಕೊಂಡು ಕೈ ಮುಗಿಯಲು ಹೋದವಳು, ಕನ್ನಡಕ ಸರಿ ಮಾಡಿಕೊಂಡು ಅಲ್ಲೇ ನಿಂತಳು. "ಇವ್ನ್ಯಾರಪಾ, ದೇವ್ರ ಜಾಗದಾಗ ನಿಂತಾನ?"

ಜಿಮಿ ಹೆಂಡ್ರಿಕ್ಸ್. 1967ರ ಡಿಸೆಂಬರಿನಲ್ಲಿ ಬಂದ 'ಆಕ್ಸಿಸ್: ಬೋಲ್ಡ್ ಆ್ಯಸ್ ಲವ್' ಆಲ್ಬಮ್ಮಿನ ಕವರ್ ಅದು. ನಮ್ಮೂರ ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನಲ್ಲಿ ಇರುತ್ತಲ್ಲ, ಅಂಥದ್ದೇ ವಿರಾಟ್ ಪುರುಷನ ಒಂದು ಅಚ್ಚಿನ ಪಟ. ಅದರ ನಡುವೆ ಹೆಂಡ್ರಿಕ್ಸ್ ಮತ್ತವನ ಇಬ್ಬರು ಸಂಗಡಿಗರನ್ನು ಕೂರಿಸಿದ್ದಾರೆ. ಕಾರ್ಲ್ ಫೆರಿಸ್ ತೆಗೆದ ಫೋಟೊ ನೋಡಿ ಮುಖಗಳನ್ನು ಬರೆದವನು ರೋಜರ್ ಲಾ.

ಇದನ್ನು ಮೊದಲು ನೋಡಿದ್ದು ಬೆಂಗಳೂರಲ್ಲಿ, ಗೆಳೆಯನೊಬ್ಬನ ರೂಮಿನಲ್ಲಿ, ಹನ್ನೆರಡು ಇಂಚಿನ ಎಲ್‌ಪಿ ಮೇಲೆ. ಅವನು "ಸೈಕೆಡೆಲಿಕ್ ಮಗಾ" ಅಂದ. ನನಗೆ ನಮ್ಮ ಪಡಸಾಲೆ ನೆನಪಾಯ್ತು. ಸಣ್ಣವನಿದ್ದಾಗ ಜ್ವರ ಬಂದು ಮಲಗಿದರೆ ಇಂಥ ಪಟದಲ್ಲಿ ತಲೆ ಎಣಿಸುವುದೇ ಕೆಲಸ. ಎಣಿಸಿದಷ್ಟೂ ಲೆಕ್ಕ ತಪ್ಪೋದು. ಆ ಕವರಿನ ಶಕ್ತಿ ಇರೋದೂ ಅಲ್ಲೇ: ಕಣ್ಣಿಗೆ ಬಿಡುವು ಕೊಡಲ್ಲ, ನಡುವಿನ ಮುಖ ಮಾತ್ರ ನೆಟ್ಟಗೆ ನಿಮ್ಮನ್ನೇ ನೋಡ್ತಿರುತ್ತೆ. ದರ್ಶನಕ್ಕೆ ಅಂತ ನಮ್ಮ ಪಟ ಬರೆಯುವವರು ಕಂಡುಕೊಂಡ ಉಪಾಯ ಅದು. ರಾಕ್ ಸ್ಟಾರನ್ನು ದೇವರು ಮಾಡೋಕೆ ಲಂಡನ್ನಿನವರಿಗೆ ರೆಡಿಯಾಗಿ ಸಿಕ್ತು.

ಆದ್ರೆ ಮೊಬೈಲಿನಲ್ಲಿ ಇದು ಸತ್ತೇ ಹೋಗುತ್ತೆ. ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' (1973) ನೋಡಿ. ಹಿಪ್ನೋಸಿಸ್ ತಂಡದ ಆ ಪಟ್ಟಕ ಹೆಬ್ಬೆರಳಿನ ಉಗುರಿನಷ್ಟಾದರೂ ಪಟ್ಟಕವೇ. ಹಾಡು ಕೇಳದವರ ಟೀ ಶರ್ಟ್ ಮೇಲೂ ಆರಾಮಾಗಿದೆ. ಜಾಣ ಕವರ್, ಒಪ್ಪಿದೆ. ನನಗೆ ಮಾತ್ರ ಆ ಗಜಿಬಿಜಿಯೇ ಹೆಚ್ಚು ಇಷ್ಟ.

ಸ್ವತಃ ಹೆಂಡ್ರಿಕ್ಸ್‌ಗೆ ಇದು ಅಷ್ಟೇನೂ ಹಿಡಿಸಿರಲಿಲ್ಲ. ಅವನ ಹಿರೀಕರಲ್ಲಿ ಅಮೆರಿಕದ ಮೂಲನಿವಾಸಿಗಳಿದ್ದರು ಎಂಬುದು ಮನೆತನದ ನಂಬಿಕೆ. ಅವನಿಗೆ ಬೇಕಿದ್ದ 'ಇಂಡಿಯನ್' ಆ ಕಡೆಯದು, ಸಿಕ್ಕಿದ್ದು ಈ ಕಡೆಯದು. ಕೊಲಂಬಸ್ ಮಾಡಿದ ತಪ್ಪೇ, ತಿರುವುಮುರುವಾಗಿ.

ದೇವರ ಪಟ ಕೆಡಿಸಿದರು ಅಂತ ನನಗೇನೂ ಸಿಟ್ಟಿಲ್ಲ. ಚುಚ್ಚೋದು ಬೇರೆ. ಫೆರಿಸ್ ಯಾರು, ಲಾ ಯಾರು ಅಂತ ರಾಕ್ ಕೇಳುವವರಿಗೆ ಗೊತ್ತು. ಅಷ್ಟೊಂದು ತಲೆಗಳನ್ನು ಕೂತು ಬರೆದವನ ಹೆಸರು ಕೇಳಿದರೆ 'ಒಂದು ಹಿಂದೂ ಪೋಸ್ಟರ್' ಅಂದುಬಿಡ್ತಾರೆ. ಹಾಗಂತ ನಾವೇನು ಕಮ್ಮಿ? 1978ರ 'ನಿತ್ಯೋತ್ಸವ'ದಿಂದ ಭಾವಗೀತೆಗಳ ಕ್ಯಾಸೆಟ್ ಕಾಲ ಶುರುವಾಯ್ತು. ಅಪ್ಪನ ಟ್ರಂಕಿನಲ್ಲಿ ಆಮೇಲಿನ ಕ್ಯಾಸೆಟ್‌ಗಳು ಮೂವತ್ತು ಚಿಲ್ಲರೆ ಇವೆ. ಒಂದೊಂದೇ ಬಿಚ್ಚಿ ನೋಡಿದೆ. ಕವಿ, ಗಾಯಕರು, ಕಂಪನಿ ವಿಳಾಸ, ಎಲ್ಲಾ ಇದೆ. ಚಿತ್ರ ಬರೆದವರು? ಒಂದರಲ್ಲೂ ಇಲ್ಲ. ಕಲಬುರಗಿಯ ಎಸ್. ಎಂ. ಪಂಡಿತರಂಥ ಒಬ್ಬರು ಕ್ಯಾಲೆಂಡರ್ ದೇವರುಗಳಿಂದಲೇ ಹೆಸರಾದರು. ಉಳಿದವರ ಗತಿ ಅಷ್ಟೇ.

ಹೊರಡುವ ದಿನ ಪಡಸಾಲೆಯ ಕ್ಯಾಲೆಂಡರ್ ಇಳಿಸಿ, ಹಿಂದೆಮುಂದೆ ತಿರುಗಿಸಿ ಹುಡುಕಿದೆ. ಅಂಗಡಿಯ ಹೆಸರು, ಎರಡು ಫೋನ್ ನಂಬರ್, ರಾಹುಕಾಲ. ಗ್ಯಾಸ್ ಬಂದ ತಾರೀಖಿನ ಸುತ್ತ ಅವ್ವ ಪೆನ್ನಿನಿಂದ ಹಾಕಿದ ಒಂದು ಗುಂಡು.

"ಏನ್ ಹುಡುಕ್ತಿಯೋ? ಬಸ್ಸಿಗೆ ಹೊತ್ತಾತು" ಅಂದಳು. ಮೊಳೆಗೆ ಮತ್ತೆ ಸಿಕ್ಕಿಸಿ ಹೊರಟೆ.