ಕಿವಿ ಕೊಟ್ಟ ಅಳತೆಗೋಲು

200 ಹರ್ಟ್ಸ್ ಸ್ವರದಿಂದ 300ಕ್ಕೆ ಏರಿದರೆ ಯಾರಿಗಾದರೂ ಥಟ್ಟನೆ ಗೊತ್ತಾಗುತ್ತದೆ. 5000ದಿಂದ 5100ಕ್ಕೆ ಏರಿದರೆ ಕಿವಿಗೊಟ್ಟು ಕೇಳಬೇಕು. ಏರಿಕೆ ಮಾತ್ರ ಅದೇ ನೂರು. 1937ರಲ್ಲಿ ಸ್ಟೀವನ್ಸ್, ವೋಕ್‌ಮನ್, ನ್ಯೂಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕೇಳುಗರಿಗೆ ಅನಿಸಿದ್ದನ್ನೇ ಆಧಾರವಾಗಿಟ್ಟುಕೊಂಡು ಸ್ವರದ ಏರಿಳಿತ ಅಳೆಯುವ ಮೆಲ್ ಮಾಪಕ ರೂಪಿಸಿದರು.

ಅದನ್ನು ಮಾತು ಗುರುತಿಸುವ ಯಂತ್ರಕ್ಕೆ ಅಳವಡಿಸಿದ ಕುಸುರಿ ನನಗೆ ಬಲು ಇಷ್ಟ. ಮಾತನ್ನು ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಜರಡಿಗಳ ಸಾಲಿನಲ್ಲಿ ಹಾಯಿಸುತ್ತಾರೆ. ತಗ್ಗು ಆವರ್ತನಗಳಿಗೆ ಕಿರಿದಾದ, ಒತ್ತೊತ್ತಾದ ಜರಡಿಗಳು. ಮೇಲೆ ಹೋದಂತೆಲ್ಲ ಅಗಲವಾದವು. ನಮ್ಮ ಒಳಗಿವಿಯ ಶಂಖವೂ ತಗ್ಗು ದನಿಗಳನ್ನೇ ಹೀಗೆ ನಾಜೂಕಾಗಿ ಬಿಡಿಸುತ್ತದೆ. ಆಮೇಲೆ ಲಾಗರಿದಮ್: ಅಬ್ಬರದ ದನಿಯನ್ನು ಕುಗ್ಗಿಸಿ, ಪಿಸುಮಾತಿಗೂ ಜಾಗ ಮಾಡಿಕೊಡುತ್ತದೆ. ಎಷ್ಟು ಕಡಿಮೆ ಲೆಕ್ಕದಲ್ಲಿ ಎಷ್ಟು ದೊಡ್ಡ ವಿವೇಕ!

1980ರಲ್ಲಿ ಡೇವಿಸ್, ಮರ್ಮೆಲ್‌ಸ್ಟೈನ್ ಎಂಬ ಸಂಶೋಧಕರು ಪದ ಗುರುತಿಸುವ ಹಲವು ವಿಧಾನಗಳನ್ನು ಹೋಲಿಸಿದಾಗ ಈ ದಾರಿಯೇ ಗೆದ್ದಿತು. ದಶಕಗಳ ಕಾಲ ಇದೇ ರೂಢಿಯಾಯಿತು. 2022ರಲ್ಲಿ ಬಂದ, ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಅಪಾರ ಧ್ವನಿಮುದ್ರಣಗಳಿಂದ ಕಲಿತ ದೈತ್ಯ ನರಜಾಲ. ಆದರೂ ಅದರ ಬಾಗಿಲಲ್ಲಿ ಕೂತಿರುವುದು ಅದೇ ಬಗೆಯ 80 ಮೆಲ್ ಜರಡಿಗಳು.