ಪದಾರ್ಥವಿಭಾಗ ಮತ್ತು ಅರ್ಥಬೋಧೆ

ಗಣಕಯಂತ್ರದ ಉಪಯೋಗಕ್ಕಾಗಿ ವಸ್ತುಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ನಿಯಮಬದ್ಧವಾಗಿ ವಿಭಾಗಿಸಿಡುವ ವ್ಯವಸ್ಥೆಗೆ ‘ಆಂಟಾಲಜಿ’ ಎಂದು ಹೆಸರು. ಹಸ್ತಪ್ರತಿಗಳ ಯಾದಿಗೂ ಇದನ್ನು ಅಳವಡಿಸಬಹುದಾದುದರಿಂದ, ಮನುಷ್ಯನ ಪೂರ್ವಜ್ಞಾನವಿಲ್ಲದೆ ಇಂಥ ವ್ಯವಸ್ಥೆಯು ತಾನೇ ಅರ್ಥವನ್ನು ಹುಟ್ಟಿಸಬಲ್ಲುದೇ ಎಂಬ ಪ್ರಶ್ನೆಯು ಗ್ರಂಥಸಂಪಾದಕರಿಗೂ ವಿಚಾರಾರ್ಹವಾಗಿದೆ.

ಹುಟ್ಟಿಸಬಲ್ಲುದೆಂಬುದು ಪೂರ್ವಪಕ್ಷ. ಪರಮಾಣುವು ಪುದ್ಗಲ, ಪುದ್ಗಲವು ಅಜೀವ ಎಂಬೆರಡನ್ನು ಕೊಟ್ಟರೆ, ಪರಮಾಣುವು ಅಜೀವವೆಂಬ ಮೂರನೆಯದನ್ನು ಯಂತ್ರವೇ ಹೇಳುತ್ತದೆ. ಆದರೆ ಆ ಪದಗಳ ಸ್ಥಾನದಲ್ಲಿ ಕ, ಖ, ಗ ಎಂಬ ಅಕ್ಷರಗಳನ್ನಿಟ್ಟರೂ ನಿರ್ಣಯದ ರೂಪವು ಬದಲಾಗದು. ಜೈನರಲ್ಲಿ ಜಡದ್ರವ್ಯವಾದ ಪುದ್ಗಲವು ಬೌದ್ಧರಲ್ಲಿ ವ್ಯಕ್ತಿವಾಚಕವೆಂಬುದನ್ನು ನಿಯಮವು ತಾನಾಗಿ ಅರಿಯದು. ೧೯೯೩ರಲ್ಲಿ ಟಾಮ್ ಗ್ರೂಬರ್ ಅವರು ಕೊಟ್ಟ ಲಕ್ಷಣದಲ್ಲಿಯೂ ಆಂಟಾಲಜಿಯೆಂದರೆ ಒಂದು ಪರಿಕಲ್ಪನೆಯ ಸ್ಪಷ್ಟ ನಿರೂಪಣೆ. ಅಂದಮೇಲೆ ಪರಿಕಲ್ಪನೆಯೇ ಮೊದಲು, ನಿರೂಪಣೆಯು ಅನಂತರ.

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ೧೯೦೬ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ೧೯೩೫ರಲ್ಲಿ ಪ್ರಕಟಿಸಿದ ಕುಂದಕುಂದಾಚಾರ್ಯರ ‘ಪ್ರವಚನಸಾರ’ವು ಇದಕ್ಕೆ ಉತ್ತಮ ನಿದರ್ಶನ. ಅದರ ಜ್ಞೇಯತತ್ತ್ವಾಧಿಕಾರವೊಂದರಲ್ಲಿಯೇ ‘ಸಮಯ’ ಶಬ್ದವು ಸ್ವಸಮಯ-ಪರಸಮಯಗಳ ವಿಚಾರದಲ್ಲಿ ಆತ್ಮಪರವಾಗಿಯೂ, ಮುಂದೆ ಕಾಲದ ಅತಿ ಸೂಕ್ಷ್ಮ ಅಂಶವಾಗಿಯೂ ಬಂದಿದೆ. ಈ ಭೇದವನ್ನು ತಿಳಿಸುವುದು ಅಕ್ಷರವಲ್ಲ, ಸಂದರ್ಭ ಮತ್ತು ವ್ಯಾಖ್ಯಾನಪರಂಪರೆ. ಉಪಾಧ್ಯೆಯವರು ಗಾಥೆಗಳನ್ನಷ್ಟೇ ಅಚ್ಚು ಹಾಕಿಸದೆ ಅಮೃತಚಂದ್ರ, ಜಯಸೇನರ ಟೀಕೆಗಳನ್ನೂ ಜೊತೆಗಿಟ್ಟುದರ ಔಚಿತ್ಯವು ಇಲ್ಲಿ ಸ್ಪಷ್ಟವಾಗುತ್ತದೆ.

ತತ್ತ್ವಾರ್ಥಸೂತ್ರದ ಕ್ರಮವೂ ಇದನ್ನೇ ಸಮರ್ಥಿಸುತ್ತದೆ. ಸೂತ್ರಕಾರರು ಸಪ್ತತತ್ತ್ವಗಳನ್ನು ಎಣಿಸಿ ಅಲ್ಲಿಗೇ ನಿಲ್ಲಲಿಲ್ಲ. ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂಬ ನಿಕ್ಷೇಪವನ್ನು ಹೇಳಿ, ಅಧಿಗಮವು ಪ್ರಮಾಣ-ನಯಗಳಿಂದ ಎಂದರು. ಶ್ರುತಜ್ಞಾನವು ಮತಿಪೂರ್ವಕವೆಂಬುದೂ ಅವರದೇ ನಿರ್ಣಯ. ವಿಭಾಗವು ಜ್ಞೇಯವನ್ನು ಜೋಡಿಸೀತು, ಜ್ಞಾತೃವಿಲ್ಲದೆ ಜ್ಞಾನವಾಗದು.

ಇದರಿಂದ ಯಂತ್ರವ್ಯವಸ್ಥೆಯು ನಿರುಪಯುಕ್ತವೆಂದಾಗದು. ಯಾದಿಯಲ್ಲಿನ ಲೋಪವನ್ನೂ ಪರಸ್ಪರ ವಿರೋಧವನ್ನೂ ಅದು ಶೀಘ್ರವಾಗಿ ತೋರಿಸಬಲ್ಲುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಸದಿಯಲ್ಲಾಗಲಿ ಮನೆಯಲ್ಲಾಗಲಿ ಒಂದು ಓಲೆಯ ಕಟ್ಟು ದೊರೆತಾಗ, ಅದನ್ನು ಓದಿ ಅರ್ಥೈಸಬಲ್ಲ ಪಂಡಿತರ ಪರಂಪರೆಯು ಮುರಿದಿದ್ದರೆ, ‘ಸಮಯ’ವೆಲ್ಲವೂ ಕಾಲದ ವಿಭಾಗಕ್ಕೇ ಸೇರಿಹೋದೀತು. ಯಾದಿಯು ಪೂರ್ಣವಾಗಿಯೂ ಗ್ರಂಥವು ಮೂಕವಾಗಿ ಉಳಿದೀತು. ಆದಕಾರಣ ಯಾದಿಯ ಸಿದ್ಧತೆಯೊಡನೆ ಪ್ರಾಕೃತ ಪಾಠವೂ ನಡೆಯುವುದು ಅವಶ್ಯಕ.