ವಿಕಿರಣಮಾಪನದಲ್ಲಿ ದೀಪ್ತಿಶಬ್ದಗಳ ವಿವೇಚನೆ

ಅಯಾನಕಾರಿ ವಿಕಿರಣವನ್ನು ಬೆಳಕಿನ ಮೂಲಕ ಅಳೆಯುವ ವಿದ್ಯೆಯನ್ನು ಕನ್ನಡದಲ್ಲಿ ನಿರೂಪಿಸುವವರು ಅಲ್ಲಿ ತೋರುವ ಬೆಳಕನ್ನೆಲ್ಲ ‘ಪ್ರತಿದೀಪ್ತಿ’ ಎಂಬ ಒಂದೇ ಪದದಿಂದ ಕರೆಯುವುದುಂಟು. ಶಬ್ದಲಾಘವಕ್ಕೆ ಇದು ಅನುಕೂಲವೇ ಸರಿ. ಅರ್ಥನಿರ್ಣಯಕ್ಕೆ ಮಾತ್ರ ಬಾಧಕವೆಂದು ನಮ್ಮ ಮತ.

1903ರಲ್ಲಿ ಕ್ರೂಕ್ಸ್ ಎಂಬ ಆಂಗ್ಲ ವಿಜ್ಞಾನಿಯು, ಸತುವಿನ ಸಲ್ಫೈಡನ್ನು ಲೇಪಿಸಿದ ತೆರೆಯ ಮೇಲೆ ರೇಡಿಯಮ್ಮಿನಿಂದ ಹೊರಟ ಕಣಗಳು ತಾಗಿದಾಗ ಬಿಡಿಬಿಡಿಯಾಗಿ ಏಳುವ ಮಿನುಗುಗಳನ್ನು ಕಂಡು, ಅವನ್ನು ತೋರಿಸುವ ತನ್ನ ಉಪಕರಣಕ್ಕೆ ಕಿಡಿಯೆಂಬರ್ಥದ ಗ್ರೀಕ್ ಪದದಿಂದ ಸ್ಪಿಂಥರಿಸ್ಕೋಪ್ ಎಂದು ಹೆಸರಿಟ್ಟನು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲೆಯಲ್ಲಿ ಕುಳಿತು ಸೂಕ್ಷ್ಮದರ್ಶಕದಿಂದ ಎಣಿಸಿದ್ದೂ ಇಂಥ ಮಿನುಗುಗಳನ್ನೇ. ಎಣಿಕೆಗೆ ಸಿಕ್ಕುವುದು ಕಿಡಿ, ದೀಪವಲ್ಲ. ಆದಕಾರಣ ಇಲ್ಲಿ ದೀಪ್ ಧಾತುವಿಗಿಂತ ಸ್ಫುರ್ ಧಾತುವೇ ಯುಕ್ತವು. ಚಲನವೂ ಕ್ಷಣಿಕತೆಯೂ ಅದರಲ್ಲಿ ಅಡಗಿವೆ. ‘ಪ್ರಸ್ಫುರಣ’ವೆನ್ನಬಹುದು. ‘ಮಿನುಗು’ ಎಂಬ ದೇಶ್ಯಪದವನ್ನು ಕೀಳೆಂದು ಬಿಡಲು ಕಾರಣವಿಲ್ಲ.

ಲಿಥಿಯಂ ಫ್ಲೋರೈಡಿನ ಹರಳಿನ ರೀತಿಯೇ ಬೇರೆ. ಅದು ವಿಕಿರಣದಿಂದ ಪಡೆದ ಶಕ್ತಿಯ ಒಂದಂಶವನ್ನು ಒಳಗಿಟ್ಟುಕೊಂಡು, ದಿನಗಳು ಕಳೆದ ಮೇಲೂ ಕಾಯಿಸಿದಾಗ ಬೆಳಕಾಗಿ ಹೊರಗೆಡಹುತ್ತದೆ. ಇಂಗಾಲವನ್ನು ಬೆರೆಸಿದ ಅಲ್ಯೂಮಿನಿಯಂ ಆಕ್ಸೈಡಿಗಾದರೋ ಬೆಳಕನ್ನೇ ಹಾಯಿಸಬೇಕು. ತಾರ್ಕಿಕರ ಸಂಸ್ಕಾರವು ಉದ್ಬೋಧಕವಿಲ್ಲದೆ ಸ್ಮೃತಿಯಾಗದಂತೆಯೇ ಇದು: ಒಂದರ ಉದ್ಬೋಧಕ ತಾಪ, ಇನ್ನೊಂದರದು ಬೆಳಕು. ಒಡನೆಯೇ ತೋರುವುದನ್ನೂ ಹೀಗೆ ತಡೆದು ತೋರುವುದನ್ನೂ ಒಂದೇ ಹೆಸರಿನಿಂದ ಕರೆಯುವುದು ಅನುಭವಕ್ಕೂ ಸ್ಮೃತಿಗೂ ಭೇದವೆಣಿಸದಂತಾಗುವುದಿಲ್ಲವೆ?

ಈ ಅವಿವೇಕದ ಫಲವು ದ್ಯುತಿತಂತುವಿನ ಪ್ರಸಂಗದಲ್ಲಿ ಸ್ಪಷ್ಟವಾಗುತ್ತದೆ. ಅರ್ಬುದರೋಗಿಗೆ ವಿಕಿರಣಚಿಕಿತ್ಸೆ ಮಾಡುವಾಗ, ಮಿನುಗುವ ಪ್ಲಾಸ್ಟಿಕ್ಕಿನ ಅಲ್ಪಖಂಡವೊಂದನ್ನು ತಂತುವಿನ ತುದಿಗೆ ಜೋಡಿಸಿ, ಅದರ ಬೆಳಕನ್ನು ದೂರದ ಮಾಪಕಕ್ಕೆ ತಂದು, ಆ ಸ್ಥಳಕ್ಕೆ ಸಂದ ಪ್ರಮಾಣವನ್ನು ಅರಿಯುತ್ತಾರೆ. ಆದರೆ ವಾಹಕವಾದ ತಂತುವೂ ಸುಮ್ಮನಿರುವುದಿಲ್ಲ. ವಿಕಿರಣದಿಂದ ಹೊರಟ ಎಲೆಕ್ಟ್ರಾನುಗಳು, ಆ ತಂತುವಿನೊಳಗೆ ಬೆಳಕು ಸಾಗುವ ವೇಗವನ್ನು ಮೀರಿ ಓಡಿದಾಗ, 1934ರಲ್ಲಿ ಚೆರೆಂಕೋವ್ ವರ್ಣಿಸಿದ ನೀಲಿಪ್ರಭೆ ಹುಟ್ಟುತ್ತದೆ. ವಿಕಿರಣದ ದಾರಿಯಲ್ಲಿ ತಂತುವಿನ ಎಷ್ಟು ಭಾಗ ಬಿದ್ದಿದೆಯೆಂಬುದರ ಮೇಲೆ ಇದು ಹೆಚ್ಚುಕಡಮೆಯಾಗುವುದು. ತುದಿಗೆ ಸಂದ ಪ್ರಮಾಣ ಬದಲಾಗದಿದ್ದರೂ ಮಾಪಕವು ಬೇರೆ ಅಂಕವನ್ನು ತೋರಿಸೀತು. ಬೆದ್ದಾರ್, ಮಕೀ, ಅಟಿಕ್ಸ್ ಎಂಬವರು 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಮಿನುಗುಖಂಡವಿಲ್ಲದ ಮತ್ತೊಂದು ತಂತುವನ್ನು ಪಕ್ಕದಲ್ಲಿಟ್ಟು, ಅದರ ಬೆಳಕನ್ನು ಮೊದಲನೆಯದರಿಂದ ಕಳೆದರು.

ಈ ವ್ಯವಕಲನವನ್ನು ಕನ್ನಡದಲ್ಲಿ ಬೋಧಿಸುವವನು ಎರಡನ್ನೂ ‘ಪ್ರತಿದೀಪ್ತಿ’ಯೆಂದರೆ, ಪ್ರತಿದೀಪ್ತಿಯಿಂದ ಪ್ರತಿದೀಪ್ತಿಯನ್ನು ಕಳೆಯಿರೆಂದು ಹೇಳಿದಂತಾಗುವುದು, ಉಳಿಸಬೇಕಾದುದು ಯಾವುದೆಂದು ವಿದ್ಯಾರ್ಥಿಯು ಊಹಿಸಿಕೊಳ್ಳಬೇಕು. ತುದಿಯದನ್ನು ಮಿನುಗೆಂದೂ ತಂತುವಿನದನ್ನು ಚೆರೆಂಕೋವ್ ಪ್ರಭೆಯೆಂದೂ ಬೇರೆಬೇರೆಯಾಗಿ ಹೇಳಿ, ಒಂದು ಬೆಳಕು ಬಿದ್ದೊಡನೆ ಬೇರೊಂದು ಬಣ್ಣದ ಬೆಳಕನ್ನು ಬೀರುವ ಪದಾರ್ಥಗಳ ವಿಷಯದಲ್ಲಿ ಮಾತ್ರ ‘ಪ್ರತಿದೀಪ್ತಿ’ಯನ್ನು ಉಳಿಸಿಕೊಳ್ಳಬೇಕೆಂದು ಪರಿಭಾಷಾಕಾರರಲ್ಲಿ ನಮ್ಮ ವಿಜ್ಞಾಪನೆ.